ಗೃಹಜ್ಯೋತಿ: ಮೀಟರಿನ ಸರಾಸರಿ ಮತ್ತು ಮನೆಯ ಅಗತ್ಯ

ಶ್ರೀಮಠಕ್ಕೆ ಬರುವ ಸದ್ಭಕ್ತರು ತಮ್ಮ ಕಷ್ಟಸುಖಗಳೊಂದಿಗೆ ಕೆಲವು ಕಾಗದಪತ್ರಗಳನ್ನೂ ಕೈಯಲ್ಲಿ ಹಿಡಿದು ತರುವುದು ನಮ್ಮ ಭಾಗದಲ್ಲಿ ಹೊಸತಲ್ಲ. ಹಿಂದೆ ಅದು ಹೊಲದ ಪಹಣಿಯೋ, ಬ್ಯಾಂಕಿನ ನೋಟಿಸೋ ಆಗಿರುತ್ತಿತ್ತು. ಇತ್ತೀಚಿನ ಬೇಸಿಗೆಗಳಲ್ಲಿ ಅವುಗಳ ಜೊತೆಗೆ ಕರೆಂಟ್ ಬಿಲ್ಲೂ ಸೇರಿಕೊಂಡಿದೆ. “ಹೋದ ತಿಂಗಳ ಸೊನ್ನಿ ಇತ್ತರೀ ಅಪ್ಪಾವ್ರೆ, ಈ ತಿಂಗಳ ಯಾಕ ರೊಕ್ಕ ಬಂದದರೀ?” ಎಂಬ ಪ್ರಶ್ನೆಯನ್ನು ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಬಾಡಿಗೆ ಮನೆಯವರೂ ಕೇಳುತ್ತಾರೆ, ಕಮಲಾಪುರದ ಕಡೆಯಿಂದ ಬರುವ ಕೃಷಿಕೂಲಿ ತಾಯಂದಿರೂ ಕೇಳುತ್ತಾರೆ. ಪ್ರಶ್ನೆ ಚಿಕ್ಕದು. ಆದರೆ ಅದಕ್ಕೆ ಸರಿಯಾದ ಉತ್ತರ ಹೇಳಬೇಕಾದರೆ ನಾಡಿನ ವಿದ್ಯುತ್ ಸಹಾಯಧನವು ಯಾರಿಗೆ, ಎಷ್ಟು, ಯಾವ ಅಳತೆಯಿಂದ ಸಲ್ಲುತ್ತಿದೆ ಎಂಬುದನ್ನೇ ವಿಚಾರಿಸಬೇಕಾಗುತ್ತದೆ.

ಕಲಬುರಗಿಯಲ್ಲಿ ಬೆಳಗಿದ ಜ್ಯೋತಿ

ರಾಜ್ಯ ಸರ್ಕಾರದ ಐದು ಗ್ಯಾರಂಟಿಗಳಲ್ಲಿ ಒಂದಾದ ಗೃಹಜ್ಯೋತಿ ಯೋಜನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವಿಧ್ಯುಕ್ತವಾಗಿ ಚಾಲನೆ ನೀಡಿದ್ದು ನಮ್ಮ ಕಲಬುರಗಿ ನಗರದ ಎನ್.ವಿ. ಮೈದಾನದಲ್ಲಿಯೇ, 2023ರ ಆಗಸ್ಟ್ 5ರಂದು. ಅದೇ ವರ್ಷದ ಜೂನ್ 18ರಿಂದ ಸೇವಾಸಿಂಧು ಜಾಲತಾಣದಲ್ಲಿ ನೋಂದಣಿ ಆರಂಭವಾಗಿತ್ತು. ಜುಲೈ ತಿಂಗಳ ಬಳಕೆಗೆ ಆಗಸ್ಟ್‌ನಲ್ಲಿ ಬಂದ ಬಿಲ್ಲಿನಿಂದ ಯೋಜನೆ ಜಾರಿಗೆ ಬಂದಿತು. ಇಂದು ರಾಜ್ಯದಾದ್ಯಂತ ಒಂದೂವರೆ ಕೋಟಿಗೂ ಹೆಚ್ಚು ಮನೆಗಳು ಇದರ ವ್ಯಾಪ್ತಿಯಲ್ಲಿವೆ. 2025-26ರ ಆಯವ್ಯಯದಲ್ಲಿ ಇದಕ್ಕೆ ಮೀಸಲಿಟ್ಟ ಮೊತ್ತ 10,100 ಕೋಟಿ ರೂಪಾಯಿ.

ಈ ಯೋಜನೆಯಿಂದ ಬಡವರ ಮನೆಗೆ ಉಪಕಾರವಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ದಿನಗೂಲಿಯ ಮನೆಯಲ್ಲಿ ತಿಂಗಳಿಗೆ ಮುನ್ನೂರು, ನಾಲ್ಕುನೂರು ರೂಪಾಯಿ ಉಳಿಯುವುದೆಂದರೆ ಅದು ಮಕ್ಕಳ ನೋಟುಬುಕ್ಕು, ಮುದುಕರ ಔಷಧಿ, ಸಂಘದ ಸಾಲದ ಕಂತು. ಬಿಲ್ಲು ಕಟ್ಟದೆ ಸಂಪರ್ಕ ಕಡಿತವಾಗುವ ಭಯ ತಪ್ಪಿರುವುದೂ ಒಂದು ನೆಮ್ಮದಿಯೇ. ಆದುದರಿಂದ ಇಲ್ಲಿ ಮಾಡಲಿರುವ ವಿಮರ್ಶೆಯು ಯೋಜನೆಯನ್ನು ನಿಲ್ಲಿಸಬೇಕೆಂಬವರ ವಾದಕ್ಕೆ ಸೇರಿದುದಲ್ಲ. ಕೊಡುವುದು ಸರಿಯೆಂದು ಒಪ್ಪಿದ ಮೇಲೆ ಕೊಡುವ ಅಳತೆ ಸರಿಯಿದೆಯೇ ಎಂದು ನೋಡುವುದು ನಮ್ಮ ಕರ್ತವ್ಯ.

ಸರಾಸರಿಯ ಸೂತ್ರ

“200 ಯೂನಿಟ್ ಉಚಿತ” ಎಂಬ ಮಾತೇ ಜನಮನದಲ್ಲಿ ನಿಂತಿದೆ. ವಾಸ್ತವದಲ್ಲಿ ಪ್ರತಿ ಮನೆಗೂ 200 ಯೂನಿಟ್ ಉಚಿತವಾಗಿಲ್ಲ. 2022-23ನೇ ಆರ್ಥಿಕ ವರ್ಷದಲ್ಲಿ ಆ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ. 10ರಷ್ಟು ಸೇರಿಸಿ ಬಂದ ಅಂಕಿಯೇ ಆ ಮನೆಯ ಅರ್ಹತೆ. 200 ಎಂಬುದು ಎಲ್ಲರಿಗೂ ಅನ್ವಯಿಸುವ ಮೇಲ್ಮಿತಿ ಮಾತ್ರ. ಅರ್ಹತೆಯನ್ನು ಮೀರಿ, ಆದರೆ 200ರ ಒಳಗೆ ಬಳಸಿದರೆ ಹೆಚ್ಚುವರಿ ಯೂನಿಟ್‌ಗಳಿಗೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ಣ ಬಿಲ್ಲನ್ನೇ ಕಟ್ಟಬೇಕು.

ಮೊದಲ ನೋಟಕ್ಕೆ ಈ ಸೂತ್ರ ನ್ಯಾಯಸಮ್ಮತವೆನಿಸುತ್ತದೆ. ಯಾರಿಗೆ ಎಷ್ಟು ಬೇಕೋ ಅಷ್ಟು ಕೊಟ್ಟಂತೆ ತೋರುತ್ತದೆ. ಆದರೆ ಹಳೆಯ ಬಿಲ್ಲು ಮನೆಯ ಅಗತ್ಯವನ್ನು ಹೇಳುವುದೋ, ಮನೆಯ ಶಕ್ತಿಯನ್ನು ಹೇಳುವುದೋ ಎಂಬುದನ್ನು ಯೋಚಿಸಬೇಕು. ಬಿಲ್ಲು ಕಟ್ಟಲಾರದೆ ಫ್ಯಾನು ಬಂದು ಮಾಡಿ, ಅಂಗಳದಲ್ಲಿ ಚಾಪೆ ಹಾಸಿ ಮಲಗಿದ ಮನೆಯ ಬಳಕೆ 30 ಯೂನಿಟ್ ಇದ್ದಿರಬಹುದು. ಆ 30 ಯೂನಿಟ್ಟು ಅವರ ಅಗತ್ಯದ ಅಳತೆಯಲ್ಲ, ಅವರ ಬಡತನದ ಅಳತೆ. ಆ ವರ್ಷದ ಬಡತನವೇ ಇಂದು ಅವರ ಹಕ್ಕಿನ ಮಿತಿಯಾಗಿ ಮೀಟರಿನಲ್ಲಿ ಉಳಿದುಕೊಂಡಿದೆ.

ಲೆಕ್ಕಕ್ಕಾಗಿ ಎರಡು ಮನೆಗಳನ್ನು ಊಹಿಸಿಕೊಳ್ಳೋಣ. ಒಂದು ಕಮಲಾಪುರ ತಾಲ್ಲೂಕಿನ ಕೂಲಿಕಾರರ ಮನೆ, 1 ಕಿಲೋವ್ಯಾಟ್ ಸಂಪರ್ಕ, ಹಳೆಯ ಸರಾಸರಿ 30 ಯೂನಿಟ್. ಇನ್ನೊಂದು ಕಲಬುರಗಿಯ ಹೊಸ ಬಡಾವಣೆಯ ಮನೆ, 3 ಕಿಲೋವ್ಯಾಟ್ ಸಂಪರ್ಕ, ಹಳೆಯ ಸರಾಸರಿ 170 ಯೂನಿಟ್. 2025-26ರಲ್ಲಿ ಗೃಹಬಳಕೆಯ ದರ ಯೂನಿಟ್‌ಗೆ 5.80 ರೂ., ಅದರ ಮೇಲೆ ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗಾಗಿ 36 ಪೈಸೆ, ಜೊತೆಗೆ ಪ್ರತಿ ಕಿಲೋವ್ಯಾಟ್‌ಗೆ 145 ರೂ. ನಿಗದಿತ ಶುಲ್ಕ. ಈ ದರದಂತೆ, ತೆರಿಗೆಯನ್ನು ಬಿಟ್ಟು ಎಣಿಸಿದರೆ, ಮೊದಲ ಮನೆ ತನ್ನ ಅರ್ಹತೆಯ 40 ಯೂನಿಟ್ಟನ್ನು ಪೂರ್ತಿ ಬಳಸಿದಾಗ ದೊರೆಯುವ ಸಹಾಯ ಸುಮಾರು 391 ರೂಪಾಯಿ. ಎರಡನೆಯ ಮನೆ 187 ಯೂನಿಟ್ ಬಳಸಿದಾಗ ದೊರೆಯುವ ಸಹಾಯ ಸುಮಾರು 1,587 ರೂಪಾಯಿ. ಫ್ರಿಜ್ಜು, ವಾಷಿಂಗ್ ಮಷಿನ್ನು ಇದ್ದ ಮನೆಗೆ ಬೊಕ್ಕಸದಿಂದ ಹೋಗುವುದು, ಒಂದು ಫ್ಯಾನು ಎರಡು ಬಲ್ಬು ಇದ್ದ ಮನೆಗೆ ಹೋಗುವುದರ ನಾಲ್ಕು ಪಟ್ಟು.

ಸರ್ಕಾರಕ್ಕೆ ಈ ದೋಷ ಕಾಣದೇ ಇಲ್ಲ. 2024ರ ಜನವರಿಯಲ್ಲಿ ಸಚಿವ ಸಂಪುಟವು ಒಂದು ತಿದ್ದುಪಡಿ ಮಾಡಿತು. ಸರಾಸರಿ ಬಳಕೆ ಕಡಿಮೆಯಿದ್ದ ಮನೆಗಳಿಗೆ ಶೇ. 10ರ ಬದಲು ನೇರವಾಗಿ 10 ಯೂನಿಟ್ ಹೆಚ್ಚುವರಿಯಾಗಿ ನೀಡಲು ತೀರ್ಮಾನಿಸಿತು. ಅಲ್ಲಿಯವರೆಗೆ 30 ಯೂನಿಟ್ಟಿನ ಮನೆಗೆ ದೊರೆಯುತ್ತಿದ್ದ ಹೆಚ್ಚುವರಿ ಕೇವಲ 3 ಯೂನಿಟ್, ಅಂದಿನಿಂದ 10. ಅದೇ ತಿಂಗಳಲ್ಲಿ ವಿಶ್ವಗುರು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸುವ ನಿರ್ಧಾರವೂ ಆಯಿತೆಂಬುದನ್ನು ಓದುಗರು ಸ್ಮರಿಸಿಕೊಳ್ಳಬಹುದು. ಕೆಳಗಿನವರಿಗೆ ತುಸು ಹೆಚ್ಚು ಸಲ್ಲಬೇಕೆಂಬ ಆ ತಿದ್ದುಪಡಿ ಸರಿಯಾದ ದಾರಿಯಲ್ಲಿ ಇಟ್ಟ ಹೆಜ್ಜೆ. ಆದರೆ ಆ ಹೆಜ್ಜೆ ಅಲ್ಲಿಗೇ ನಿಂತಿದೆ.

ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. 2022-23ರ ದಾಖಲೆಯೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ ಬಳಕೆಯಾದ 53 ಯೂನಿಟ್ಟನ್ನು ಆಧಾರವಾಗಿ ಹಿಡಿಯಲಾಗುತ್ತದೆ. ನಿನ್ನೆ ಕಟ್ಟಿ ಗೃಹಪ್ರವೇಶ ಮಾಡಿದ ಮನೆಗೆ ಆಧಾರ 53, ಮೂರು ತಲೆಮಾರಿನಿಂದ ಅದೇ ಗುಡಿಸಿಲಿನಲ್ಲಿರುವ ಮನೆಗೆ ಆಧಾರ 30! ದಾಖಲೆಯೇ ಇಲ್ಲದವನಿಗಿಂತ ಬಡತನದ ದಾಖಲೆ ಇದ್ದವನಿಗೆ ಕಡಿಮೆ ಸಿಗುವುದು ಯಾವ ನ್ಯಾಯ?

ಬಿಸಿಲ ನಾಡಿನ ಎರಡು ತಿಂಗಳು

ಸರಾಸರಿ ಎಂಬುದು ಹನ್ನೆರಡು ತಿಂಗಳನ್ನೂ ಒಂದೇ ತಿಂಗಳಂತೆ ಕಾಣುತ್ತದೆ. ನಮ್ಮ ಬಿಸಿಲು ಹಾಗೆ ಕಾಣುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಉಷ್ಣಾಂಶ 43 ಡಿಗ್ರಿ ಮುಟ್ಟುವುದು ವಾಡಿಕೆ. ಮಧ್ಯಾಹ್ನದ ಹೊತ್ತಿಗೆ ಸೂಪರ್ ಮಾರ್ಕೆಟ್ಟಿನ ಗದ್ದಲವೇ ತಗ್ಗಿ, ಅಂಗಡಿಕಾರರು ತಾಡಪತ್ರಿಯ ನೆರಳಿಗೆ ಸರಿಯುತ್ತಾರೆ. ಕಲ್ಲುಚಪ್ಪಡಿಯ ಹಾಗೂ ತಗಡಿನ ಮಾಳಿಗೆಯ ಮನೆಗಳು ರಾತ್ರಿ ಹತ್ತಾದರೂ ಕಾವು ಬಿಡುವುದಿಲ್ಲ. ಎಳೆಗೂಸು, ಬಾಣಂತಿ, ವೃದ್ಧರು ಇರುವ ಮನೆಯಲ್ಲಿ ಕೂಲರ್ ಎಂಬುದು ಭೋಗದ ವಸ್ತುವಲ್ಲ.

ಸುಮಾರು 150 ವ್ಯಾಟಿನ ಒಂದು ಕೂಲರ್ ದಿನಕ್ಕೆ ಹನ್ನೆರಡು ಗಂಟೆ ನಡೆದರೆ ತಿಂಗಳಿಗೆ 54 ಯೂನಿಟ್ ಆಗುತ್ತದೆ. ಈಗ ಒಂದು ಸಾಧಾರಣ ಮನೆಯ ವರ್ಷದ ಲೆಕ್ಕ ನೋಡೋಣ. ಹತ್ತು ತಿಂಗಳು 60 ಯೂನಿಟ್, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ 120 ಯೂನಿಟ್. ವರ್ಷದ ಒಟ್ಟು 840, ತಿಂಗಳ ಸರಾಸರಿ 70, ಅರ್ಹತೆ 80 ಎಂದಿಟ್ಟುಕೊಳ್ಳೋಣ. ಈ ಮನೆ ಬೇಸಿಗೆಯ ಎರಡು ತಿಂಗಳು ತಲಾ 40 ಯೂನಿಟ್‌ಗೆ, ಅಂದರೆ ತಿಂಗಳಿಗೆ ಸುಮಾರು 246 ರೂಪಾಯಿಯಂತೆ, ಹಣ ಕಟ್ಟಬೇಕು. ಉಳಿದ ಹತ್ತು ತಿಂಗಳು ಪ್ರತಿ ತಿಂಗಳೂ 20 ಯೂನಿಟ್ ಅರ್ಹತೆ ಬಳಕೆಯಾಗದೆ ವ್ಯರ್ಥವಾಗುತ್ತದೆ. ವರ್ಷಕ್ಕೆ 960 ಯೂನಿಟ್ಟಿನ ಅರ್ಹತೆಯುಳ್ಳ ಮನೆ 840 ಯೂನಿಟ್ಟನ್ನಷ್ಟೇ ಬಳಸಿಯೂ ಬಿಲ್ಲು ಕಟ್ಟುತ್ತದೆ! ಬೇಸಿಗೆ ಬಂದೊಡನೆ ಮಠಕ್ಕೆ ಬರುವ ಬಿಲ್ಲುಗಳ ಗುಟ್ಟು ಬಹುಮಟ್ಟಿಗೆ ಇದೇ.

ಇದಕ್ಕೆ ಪರಿಹಾರ ಕಷ್ಟವಾದುದೇನಲ್ಲ. ತಿಂಗಳ ಅರ್ಹತೆಯ ಬದಲು ವರ್ಷದ ಅರ್ಹತೆಯನ್ನು ನಿಗದಿಪಡಿಸಿ, ಒಂದು ತಿಂಗಳು ಉಳಿದುದನ್ನು ಇನ್ನೊಂದು ತಿಂಗಳಿಗೆ ಸೇರಿಸಿಕೊಳ್ಳಲು ಅವಕಾಶ ಕೊಟ್ಟರೆ ಸಾಕು. ಮಂಜೂರಾದ ಮಿತಿಯನ್ನು ದಾಟದೆಯೇ ಬಿಸಿಲ ನಾಡಿನ ಮನೆಗಳಿಗೆ ನ್ಯಾಯ ದೊರೆಯುತ್ತದೆ. ಈ ಭಾಗದ ಬೇಸಿಗೆ ಬೇರೆ ಎಂಬುದನ್ನು ಸರ್ಕಾರ ಒಪ್ಪಿಕೊಂಡೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ನೌಕರರಿಗೆ ತಟ್ಟುವ ಬಿಸಿಲು ಕೂಲಿಕಾರರ ಮನೆಗೂ ತಟ್ಟುತ್ತದೆ. ಗಡಿಯಾರಕ್ಕೆ ಕೊಟ್ಟ ವಿನಾಯಿತಿ ಮೀಟರಿಗೂ ಸಲ್ಲಬೇಕು.

ಒಂದೇ ಮೀಟರು, ಮೂರು ಒಕ್ಕಲು

ನಗರದ ಹಳೆಯ ಬಡಾವಣೆಗಳಲ್ಲಿ ಒಂದು ಕಟ್ಟಡಕ್ಕೆ ಒಂದೇ ಮೀಟರು, ಅದರ ಕೆಳಗೆ ಎರಡು ಮೂರು ಒಕ್ಕಲು ಇರುವುದು ಸಾಮಾನ್ಯ. ಅಂಗಡಿಗಳಲ್ಲಿ ದುಡಿಯುವ ಹುಡುಗರು, ಹೊಲಿಗೆಯವರು, ಹಮಾಲರು, ಖಾನಾವಳಿಗಳಲ್ಲಿ ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ಇಂಥ ಮನೆಗಳಲ್ಲಿ ಸಂಸಾರ ಮಾಡುತ್ತಾರೆ. ಮೂರು ಒಕ್ಕಲು ತಲಾ 75 ಯೂನಿಟ್ ಬಳಸಿದರೂ ಮೀಟರು ತೋರಿಸುವುದು 225. ಇನ್ನೂರನ್ನು ದಾಟಿದ್ದರಿಂದ ಪೂರ್ಣ ಬಿಲ್ಲು. 2 ಕಿಲೋವ್ಯಾಟ್ ಸಂಪರ್ಕವಾದರೆ ಸುಮಾರು 1,676 ರೂಪಾಯಿ, ಅಂದರೆ ತಲಾ 558 ರೂಪಾಯಿಗೂ ಹೆಚ್ಚು. ಇದೇ ಮೂರು ಒಕ್ಕಲು ತಮ್ಮವೇ ಮೂರು ಮೀಟರುಗಳನ್ನು ಹೊಂದಿ, 75 ಯೂನಿಟ್ಟಿನ ಅರ್ಹತೆ ಪಡೆದಿದ್ದರೆ ಅವರಿಗೆ ಬರುತ್ತಿದ್ದುದು ಸೊನ್ನೆ ಬಿಲ್ಲು. ಬಡವರು ಒಂದೇ ಸೂರಿನಡಿ ಕೂಡಿ ಬಾಳಿದ್ದಕ್ಕೆ ತೆರುವ ದಂಡವಿದು.

ಇನ್ನೂರರ ಗೆರೆಯೂ ಅಷ್ಟೇ ನಿರ್ದಾಕ್ಷಿಣ್ಯವಾದುದು. 200 ಯೂನಿಟ್ ಅರ್ಹತೆಯುಳ್ಳ, 2 ಕಿಲೋವ್ಯಾಟ್ ಸಂಪರ್ಕದ ಮನೆ 200 ಬಳಸಿದರೆ ಸೊನ್ನೆ. 201 ಬಳಸಿದರೆ ತೆರಿಗೆಯಲ್ಲದೆ ಸುಮಾರು 1,528 ರೂಪಾಯಿ. ಆ ಒಂದೇ ಒಂದು ಯೂನಿಟ್ಟಿನ ಬೆಲೆ ಒಂದೂವರೆ ಸಾವಿರ ರೂಪಾಯಿ! ಮೀಟರ್ ಓದುವವರು ಎರಡು ದಿನ ತಡವಾಗಿ ಬಂದರೂ ಮನೆ ಗೆರೆಯ ಆಚೆಗೆ ಬಿದ್ದೀತು. ದೆಹಲಿಯಲ್ಲಿ 2019ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಯೋಜನೆಯು 200 ಯೂನಿಟ್‌ವರೆಗೆ ಪೂರ್ಣ ಉಚಿತ, 201ರಿಂದ 400ರವರೆಗೆ 800 ರೂಪಾಯಿಯ ಮಿತಿಯಲ್ಲಿ ಅರ್ಧ ರಿಯಾಯಿತಿ ಎಂಬ ಮೆಟ್ಟಿಲನ್ನು ಇಟ್ಟುಕೊಂಡಿತು. ನಾವೂ ಗೋಡೆಯ ಜಾಗದಲ್ಲಿ ಇಳಿಜಾರನ್ನು ಕಟ್ಟಬಹುದು. ಉದಾಹರಣೆಗೆ, ಇನ್ನೂರರ ಮೇಲಿನ ಪ್ರತಿ ಯೂನಿಟ್ಟಿಗೆ 5 ಯೂನಿಟ್ ಅರ್ಹತೆ ಕಡಿತವಾಗುವಂತೆ ಮಾಡಿದರೆ, 240 ಯೂನಿಟ್ ಬಳಸುವ ಮನೆಗೆ ಸಹಾಯ ತಾನಾಗಿಯೇ ಸೊನ್ನೆಗೆ ಇಳಿಯುತ್ತದೆ. ಉಳ್ಳವರಿಗೆ ಅನಗತ್ಯವಾಗಿ ಹಣ ಹೋಗುವುದಿಲ್ಲ, ಒಂದು ಯೂನಿಟ್ ತಪ್ಪಿದ ಮನೆ ಕಂಗಾಲಾಗುವುದೂ ಇಲ್ಲ.

ಹೊರಗೆ ಉಳಿದವರ ದರ

ಈ ಚರ್ಚೆಯಲ್ಲಿ ಬಹಳ ಮಂದಿಯ ಗಮನಕ್ಕೆ ಬಾರದ ಒಂದು ಬದಲಾವಣೆಯನ್ನು ಇಲ್ಲಿ ವಿಶೇಷವಾಗಿ ಹೇಳಬೇಕಾಗಿದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2023ರ ಮೇ ತಿಂಗಳಲ್ಲಿ ಹೊರಡಿಸಿದ ದರ ಆದೇಶದಲ್ಲಿ 100 ಯೂನಿಟ್‌ವರೆಗಿನ ಗೃಹಬಳಕೆಗೆ ಯೂನಿಟ್‌ಗೆ 4.75 ರೂ., ನೂರನ್ನು ದಾಟಿದ ಮನೆಗೆ ಎಲ್ಲ ಯೂನಿಟ್‌ಗೂ 7 ರೂ. ಎಂದಿತ್ತು. 2024ರ ಫೆಬ್ರವರಿಯ ಆದೇಶದಲ್ಲಿ ಈ ಎರಡು ಹಂತಗಳೂ ಹೋಗಿ ಎಲ್ಲರಿಗೂ 5.90 ರೂ. ಎಂದಾಯಿತು. ಹೆಚ್ಚು ಬಳಸುವವರಿಗೆ ಯೂನಿಟ್‌ಗೆ 1.10 ರೂ. ಇಳಿಯಿತು ಎಂಬುದು ದೊಡ್ಡ ಸುದ್ದಿಯಾಯಿತು. ಕಡಿಮೆ ಬಳಸುವವರಿಗೆ 1.15 ರೂ. ಏರಿತು ಎಂಬುದು ಸುದ್ದಿಯಾಗಲಿಲ್ಲ. ಏಕೆಂದರೆ ಅವರಲ್ಲಿ ಬಹುಪಾಲು ಮಂದಿಯ ಬಿಲ್ಲನ್ನು ಸರ್ಕಾರವೇ ಭರಿಸುತ್ತಿತ್ತು.

ಆದರೆ ಯೋಜನೆಯ ಹೊರಗಿರುವ ಬಡಮನೆಗಳೂ ಇವೆ. ಆಧಾರ್ ಜೋಡಣೆಯಾಗದವರು, ಒಬ್ಬರ ಹೆಸರಿನಲ್ಲಿಯೇ ಇರುವ ಎರಡನೆಯ ಮೀಟರಿನ ಮನೆಯಲ್ಲಿ ಬಾಡಿಗೆಗಿದ್ದು ತಮ್ಮ ಹೆಸರಿನಲ್ಲಿ ನೋಂದಣಿ ಮಾಡಿಸದವರು, ಮನೆ ಬದಲಿಸಿದ ಮೇಲೆ ಹಳೆಯ ಆರ್‌ಆರ್ ಸಂಖ್ಯೆಯಿಂದ ಆಧಾರ್ ಬಿಡಿಸಿಕೊಳ್ಳುವುದನ್ನು ಅರಿಯದವರು. ಇಂಥ ಮನೆ 80 ಯೂನಿಟ್ ಬಳಸಿದರೆ ಮೊದಲು ವಿದ್ಯುತ್ತಿಗೆ ತೆರುತ್ತಿದ್ದುದು 380 ರೂಪಾಯಿ, 2024ರ ದರದಂತೆ 472, 2025-26ರ ದರ ಹಾಗೂ ಪಿಂಚಣಿ ಶುಲ್ಕ ಸೇರಿ ಸುಮಾರು 493. ಬಡವರಿಗೆಂದು ದರಪಟ್ಟಿಯಲ್ಲಿಯೇ ಇದ್ದ ಕಡಿಮೆ ದರದ ರಕ್ಷಣೆ ಈಗ ಯೋಜನೆಯೊಳಗೆ ಸೇರಿಹೋಗಿದೆ. ಯೋಜನೆ ಇರುವತನಕ ಸರಿ. ಮುಂದೆ ಯಾವುದೋ ಕಾಲದಲ್ಲಿ ಯಾವುದೋ ಸರ್ಕಾರ ಅದನ್ನು ಕಡಿತಗೊಳಿಸಿದರೆ, ಈ ಒಂದೂವರೆ ಕೋಟಿ ಮನೆಗಳಲ್ಲಿ ಕಡಿಮೆ ಬಳಸುವವರು ಒಂದೇ ದಿನದಲ್ಲಿ ಉಳ್ಳವರ ದರಕ್ಕೇ ಬಂದು ನಿಲ್ಲುತ್ತಾರೆ. ಸೊನ್ನೆ ಬಿಲ್ಲಿನ ಸಂತಸದಲ್ಲಿ ಈ ಅಪಾಯವನ್ನು ಮರೆಯಬಾರದು. ಕನಿಷ್ಠ ಮೊದಲ 50 ಯೂನಿಟ್‌ಗಾದರೂ ಕಡಿಮೆ ದರದ ಹಂತವನ್ನು ಆಯೋಗವು ದರಪಟ್ಟಿಯಲ್ಲಿ ಮತ್ತೆ ತರಬೇಕೆಂದು ಗ್ರಾಹಕರು ಸಾರ್ವಜನಿಕ ವಿಚಾರಣೆಗಳಲ್ಲಿ ಒತ್ತಾಯಿಸಬೇಕಾಗಿದೆ. ದರ ಪರಿಷ್ಕರಣೆಗೆ ಮುನ್ನ ನಡೆಯುವ ಆ ವಿಚಾರಣೆಗಳಲ್ಲಿ ಯಾರು ಬೇಕಾದರೂ ಅಹವಾಲು ಸಲ್ಲಿಸಬಹುದು. ನಮ್ಮ ಭಾಗದಿಂದ ಗೃಹಿಣಿಯರ ದನಿ ಅಲ್ಲಿ ಕೇಳಬೇಕು.

ನಗದೋ, ಯೂನಿಟ್ಟೋ

ಸುಧಾರಣೆಯ ಮಾತು ಬಂದಾಗಲೆಲ್ಲ ಕೇಳಿಬರುವ ಸಲಹೆ ಇನ್ನೊಂದಿದೆ. ಗ್ರಾಹಕರು ಪೂರ್ಣ ಬಿಲ್ಲು ಕಟ್ಟಲಿ, ಸರ್ಕಾರ ಸಹಾಯಧನವನ್ನು ಬ್ಯಾಂಕ್ ಖಾತೆಗೆ ಹಾಕಲಿ ಎಂಬುದು ಅದು. 2020ರಲ್ಲಿ ಕೇಂದ್ರವು ಪ್ರಕಟಿಸಿದ ವಿದ್ಯುತ್ ಕಾಯ್ದೆ ತಿದ್ದುಪಡಿಯ ಕರಡಿನಲ್ಲಿ ಈ ಪ್ರಸ್ತಾಪವಿತ್ತು. ಲೆಕ್ಕ ಸ್ಪಷ್ಟವಾಗುತ್ತದೆ, ಪೋಲು ತಗ್ಗುತ್ತದೆ ಎಂಬ ವಾದದಲ್ಲಿ ತಥ್ಯವಿಲ್ಲದಿಲ್ಲ. ಆದರೆ ನಮ್ಮ ಅನುಭವ ಬೇರೆ ಪಾಠಗಳನ್ನೂ ಕಲಿಸಿದೆ. ಅಡುಗೆ ಅನಿಲದ ಸಹಾಯಧನ 2015ರಿಂದ ದೇಶದಾದ್ಯಂತ ಖಾತೆಗೆ ಜಮೆಯಾಗತೊಡಗಿತು. 2020ರ ಮೇ ತಿಂಗಳ ನಂತರ ಸಾಮಾನ್ಯ ಗ್ರಾಹಕರಲ್ಲಿ ಬಹುತೇಕರ ಖಾತೆಗೆ ಆ ಜಮೆ ಸದ್ದಿಲ್ಲದೆ ನಿಂತುಹೋಯಿತು. ನಿಂತದ್ದು ಎಂದು ಎಂಬುದೂ ಎಷ್ಟೋ ಮನೆಗಳಿಗೆ ತಿಳಿಯಲಿಲ್ಲ.

ಹೊರದೇಶದ ನಿದರ್ಶನವೂ ಉಂಟು. 2010ರ ಡಿಸೆಂಬರಿನಲ್ಲಿ ಇರಾನ್ ದೇಶವು ಇಂಧನ ಮತ್ತು ವಿದ್ಯುತ್ತಿನ ದರ ಏರಿಸಿ, ಪ್ರತಿಯೊಬ್ಬರಿಗೂ ತಿಂಗಳಿಗೆ 4.55 ಲಕ್ಷ ರಿಯಾಲ್ ನಗದು ಕೊಡಲು ಆರಂಭಿಸಿತು. ಮೊದಲಿಗೆ ಬಡವರಿಗೆ ಅದು ದೊಡ್ಡ ಆಸರೆಯಾಯಿತು. ಹಣದುಬ್ಬರ ಏರುತ್ತ ಹೋದಂತೆ ಅದೇ ಮೊತ್ತದ ಬೆಲೆ ಕರಗುತ್ತ ಹೋಯಿತು. ನಮ್ಮ ರಾಜ್ಯದಲ್ಲಿಯೇ ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಗೆ ಬದಲಾಗಿ 2023ರ ಜುಲೈನಿಂದ ತಲಾ 170 ರೂಪಾಯಿ ಕೊಡಲಾಗುತ್ತಿತ್ತು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯೇ ಬಂದಿತು. ರೂಪಾಯಿಯ ತೂಕ ಬದಲಾಗುತ್ತದೆ, ಸೇರು ಅಕ್ಕಿಯ ತೂಕ ಬದಲಾಗುವುದಿಲ್ಲ. ಹಾಗೆಯೇ 60 ಯೂನಿಟ್ ಎಂದರೆ ದರ ಏರಿದರೂ 60 ಯೂನಿಟ್ಟೇ. ಆದ್ದರಿಂದ ಬಡಮನೆಗೆ ನಗದಿಗಿಂತ ಯೂನಿಟ್ಟಿನ ರೂಪದಲ್ಲಿ ಸಹಾಯ ಸಲ್ಲುವುದೇ ಹೆಚ್ಚು ಸುಭದ್ರ. ಬದಲಾಗಬೇಕಾದುದು ಕೊಡುವ ರೂಪವಲ್ಲ, ಹಂಚುವ ಪ್ರಮಾಣ.

ಭಂಡಾರದ ಹೊಣೆ

ಉಚಿತವೆಂದರೆ ಯಾರೂ ಕೊಡುತ್ತಿಲ್ಲ ಎಂದು ಅರ್ಥವಲ್ಲ. ಶಕ್ತಿನಗರದ ರಾಯಚೂರು ಉಷ್ಣ ವಿದ್ಯುತ್ ಸ್ಥಾವರದಲ್ಲಿ ಸುಡುವ ಕಲ್ಲಿದ್ದಲಿಗೆ ಬೆಲೆಯಿದೆ. ಕಂಬ ಹತ್ತುವ ಲೈನ್‌ಮನ್‌ನ ದುಡಿಮೆಗೆ ಸಂಬಳ ಸಲ್ಲಬೇಕು. 2002ರಿಂದ ನಮ್ಮ ಭಾಗಕ್ಕೆ ವಿದ್ಯುತ್ ವಿತರಿಸುತ್ತಿರುವ ಜೆಸ್ಕಾಂ ಸಂಸ್ಥೆಗೆ ಗೃಹಜ್ಯೋತಿಯ ಹಣವನ್ನು ಸರ್ಕಾರ ತುಂಬಿಕೊಡಬೇಕು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 65ನೇ ಕಲಮು, ರಾಜ್ಯ ಸರ್ಕಾರ ಯಾವುದೇ ವರ್ಗಕ್ಕೆ ಸಹಾಯಧನ ಘೋಷಿಸಿದರೆ ಆ ಮೊತ್ತವನ್ನು ಮುಂಗಡವಾಗಿಯೇ ಪಾವತಿಸಬೇಕೆಂದು ವಿಧಿಸುತ್ತದೆ. ಹಣ ತಡವಾದರೆ ವಿತರಣಾ ಕಂಪನಿ ಸಾಲ ಮಾಡಬೇಕಾಗುತ್ತದೆ, ಸಾಲದ ಬಡ್ಡಿ ಕಡೆಗೆ ದರವಾಗಿ ಜನರಿಗೇ ಮರಳುತ್ತದೆ. ಸುಟ್ಟ ಟ್ರಾನ್ಸ್‌ಫಾರ್ಮರ್ ಬದಲಿಸಲು ವಿಳಂಬವಾದರೆ ಸೊನ್ನೆ ಬಿಲ್ಲಿನ ಮನೆಯೂ ಕತ್ತಲಲ್ಲಿ ಕೂರುತ್ತದೆ.

ಮುಂದಿನ ದಿನಗಳಲ್ಲಿ ಈ ಹೊಣೆ ಇನ್ನೂ ಭಾರವಾಗುವ ಸೂಚನೆಗಳಿವೆ. ಕೇಂದ್ರ ಇಂಧನ ಸಚಿವಾಲಯವು 2025ರ ಅಕ್ಟೋಬರಿನಲ್ಲಿ ಪ್ರಕಟಿಸಿದ ತಿದ್ದುಪಡಿ ಮಸೂದೆಯ ಕರಡಿನಲ್ಲಿ, ಉತ್ಪಾದನಾ ಉದ್ಯಮ ಮತ್ತು ರೈಲ್ವೆಯಂಥ ಗ್ರಾಹಕರು ಇತರರ ಪಾಲನ್ನು ಹೊರುವ ಅಡ್ಡ ಸಹಾಯಧನವನ್ನು ಐದು ವರ್ಷಗಳಲ್ಲಿ ಕೊನೆಗಾಣಿಸುವ ಪ್ರಸ್ತಾಪವಿದೆ. ಅದು ಜಾರಿಗೆ ಬಂದರೆ ಮನೆಗಳ ಪಾಲಿನ ಸಹಾಯವೆಲ್ಲ ನೇರವಾಗಿ ರಾಜ್ಯದ ಬೊಕ್ಕಸದ ಮೇಲೆ ಬೀಳುತ್ತದೆ. ಆಗ ಹಂಚಿಕೆಯ ಅಳತೆ ಸರಿಯಿಲ್ಲದ ಯೋಜನೆ ಉಳಿಯುವುದು ಕಷ್ಟ. ಅದು ಬಿದ್ದರೆ ಮೊದಲು ಅದರ ಅಡಿಗೆ ಸಿಗುವವರು ಬಡವರೇ.

ಒಂದು ಸರಳ ಲೆಕ್ಕ ಹೇಳುತ್ತೇವೆ. 10,100 ಕೋಟಿ ರೂಪಾಯಿಯನ್ನು ಸುಮಾರು 1.6 ಕೋಟಿ ಮನೆಗಳಿಗೆ ಸಮನಾಗಿ ಹಂಚಿದರೆ ಮನೆಯೊಂದಕ್ಕೆ ತಿಂಗಳಿಗೆ ಸುಮಾರು 526 ರೂಪಾಯಿ ಬರುತ್ತದೆ. 1 ಕಿಲೋವ್ಯಾಟಿನ ನಿಗದಿತ ಶುಲ್ಕ ಕಳೆದರೆ ಅದು ಸುಮಾರು 60 ಯೂನಿಟ್ಟಿಗೆ ಸಮ. ಅಂದರೆ ಇಂದು ಖರ್ಚಾಗುತ್ತಿರುವ ಹಣದಲ್ಲಿಯೇ ನಾಡಿನ ಪ್ರತಿ ಮನೆಗೂ ಫ್ಯಾನು, ದೀಪ, ಮಕ್ಕಳ ಓದಿಗೆ ಸಾಲುವಷ್ಟು ವಿದ್ಯುತ್ತನ್ನು ಕೊಡುವ ಶಕ್ತಿ ನಮಗಿದೆ. ಹಾಗೆಂದು ನಾಳೆಯೇ ಎಲ್ಲರಿಗೂ 60 ಎಂದು ಗೆರೆ ಎಳೆದರೆ 100 ಯೂನಿಟ್ ಬಳಸುವ ಮಧ್ಯಮ ವರ್ಗದ ಮನೆಗೆ ಏಟು ಬೀಳುತ್ತದೆ. ಅದು ನಮ್ಮ ಸಲಹೆಯಲ್ಲ. ಮೊದಲು ಕೆಳಗಿನವರನ್ನು ಮೇಲೆತ್ತಬೇಕು. ಯಾವ ಮನೆಯ ಆಧಾರವೂ ರಾಜ್ಯದ ಸರಾಸರಿ 53ಕ್ಕಿಂತ ಕಡಿಮೆಯಿರಬಾರದು. ಹೊಸ ಮನೆಗೆ ಸಲ್ಲುವ ಆಧಾರ ಹಳೆಯ ಗುಡಿಸಿಲಿಗೂ ಸಲ್ಲಲಿ. ಅದಕ್ಕೆ ಬೇಕಾದ ಹಣವು ಮೇಲಿನ ಹಂತದ, ಉಳ್ಳವರ ಮನೆಗಳ ಅರ್ಹತೆಯನ್ನು ಕ್ರಮೇಣ ತಗ್ಗಿಸುವುದರಿಂದ ದೊರೆಯಲಿ. ಅಂಥ ಮನೆಗಳಿಗೆ ಬೇರೆ ದಾರಿಯೂ ಇದೆ. 2024ರಲ್ಲಿ ಆರಂಭವಾದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಸೌರ ಫಲಕಕ್ಕೆ 78,000 ರೂಪಾಯಿವರೆಗೆ ಸಹಾಯ ದೊರೆಯುತ್ತದೆ. ನಮ್ಮ ಬಿಸಿಲು ಅದಕ್ಕೆ ಹೇಳಿ ಮಾಡಿಸಿದಂಥದು. ಸೊನ್ನೆ ಬಿಲ್ಲು ಬರುತ್ತಿರುವ ತನಕ ಮಾಳಿಗೆಯ ಮೇಲೆ ಫಲಕ ಹಾಕಿಸುವ ಮನಸ್ಸು ಯಾರಿಗೆ ಬಂದೀತು?

ಲಕ್ಕಮ್ಮನ ಅಳತೆ

ಈ ಎಲ್ಲ ಅಂಕಿಸಂಖ್ಯೆಗಳ ನಡುವೆ ಶರಣ ಪರಂಪರೆಯನ್ನು ನೆನೆಯದೆ ಮಾತು ಪೂರ್ಣವಾಗದು. ಆಯ್ದಕ್ಕಿ ಮಾರಯ್ಯನವರು ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ಕಾಯಕದವರು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಧರ್ಮಪತ್ನಿ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಅಂದಿಗೆ ಬೇಕಾದಷ್ಟನ್ನು ಮಾತ್ರ ಇಟ್ಟು ಉಳಿದುದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದರು. ಆ ತಾಯಿ ತಮ್ಮ ಮನೆಯ ಅಗತ್ಯವನ್ನು ಅಳೆದದ್ದು ನಿನ್ನೆ ಎಷ್ಟು ತಂದಿದ್ದೆವು ಎಂಬುದರಿಂದಲ್ಲ, ಇಂದು ಎಷ್ಟು ಬೇಕು ಎಂಬುದರಿಂದ. ಬಡತನದಲ್ಲಿದ್ದೂ ಹೆಚ್ಚಿನದನ್ನು ಹಿಂದಿರುಗಿಸಿದವರು ಅವರು.

ಈ ಕಥೆ ಸರ್ಕಾರಕ್ಕೂ ಅನ್ವಯಿಸುತ್ತದೆ, ನಮಗೂ ಅನ್ವಯಿಸುತ್ತದೆ. ಸರ್ಕಾರವು 2022-23ರ ಬಿಲ್ಲನ್ನು ಬದಿಗಿಟ್ಟು ಮನೆಯ ನಿಜವಾದ ಅಗತ್ಯವನ್ನು ಅಳೆಯಲಿ. ವರ್ಷದ ಅರ್ಹತೆ, ಇನ್ನೂರರ ಗೆರೆಗೆ ಇಳಿಜಾರು, ಬಡಮನೆಗಳಿಗೆ 53ರ ನೆಲಗಟ್ಟು, ಕೂಡಿ ಬಾಳುವ ಒಕ್ಕಲುಗಳಿಗೆ ಸುಲಭವಾಗಿ ಪ್ರತ್ಯೇಕ ಮೀಟರು, ದರಪಟ್ಟಿಯಲ್ಲಿ ಮತ್ತೆ ಕಡಿಮೆ ದರದ ಹಂತ: ಈ ಐದು ಸುಧಾರಣೆಗಳು ಯೋಜನೆಯನ್ನು ಕುಗ್ಗಿಸುವುದಿಲ್ಲ, ಗಟ್ಟಿಗೊಳಿಸುತ್ತವೆ.

ಇನ್ನು ನಮ್ಮ ಪಾಲಿನದು. 2015ರಲ್ಲಿ ಅಡುಗೆ ಅನಿಲದ ಸಹಾಯಧನವನ್ನು ಸ್ವಇಚ್ಛೆಯಿಂದ ಬಿಟ್ಟುಕೊಡಿ ಎಂಬ ಕರೆಗೆ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಕುಟುಂಬಗಳು ಓಗೊಟ್ಟವು. ಗೃಹಜ್ಯೋತಿ ಅರ್ಜಿ ಹಾಕಿದವರಿಗೆ ಮಾತ್ರ ದೊರೆಯುವ ಸೌಲಭ್ಯ. ಕೈತುಂಬ ಸಂಬಳ ಬರುವ ಮನೆಗಳು, ಅಂಗಡಿ ಮುಂಗಟ್ಟು ಚೆನ್ನಾಗಿ ನಡೆಯುವ ಮನೆಗಳು ತಮ್ಮ ಪಾಲನ್ನು ಬಿಟ್ಟುಕೊಡಲು ಯಾವ ಆದೇಶಕ್ಕೂ ಕಾಯಬೇಕಾಗಿಲ್ಲ. ಮಹಾದಾಸೋಹಿ ಶರಣಬಸವೇಶ್ವರರು ಬಾಳಿ ಬೆಳಗಿದ ಊರು ಕಲಬುರಗಿ. ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಸಮಾಜಕ್ಕೆ ಸಲ್ಲಿಸುವುದು ಇಲ್ಲಿನ ಮಣ್ಣಿಗೆ ಹೊಸ ಮಾತಲ್ಲ.

ಓದುಬರಹ ಬಲ್ಲ ಯುವಕರು ಇನ್ನೊಂದು ಸೇವೆ ಮಾಡಬಹುದು. ತಮ್ಮ ಓಣಿಯ ನಾಲ್ಕು ಮನೆಗಳ ಬಿಲ್ಲು ತೆಗೆದು ನೋಡಿ, ಅರ್ಹತೆಯ ಯೂನಿಟ್ ಎಷ್ಟೆಂದು ಓದಿ ಹೇಳಿ, ನೋಂದಣಿಯಾಗದವರಿಗೆ ಸೇವಾಸಿಂಧುವಿನಲ್ಲಿ ನೋಂದಣಿ ಮಾಡಿಸಿ ಕೊಡಲಿ. ಬಾಡಿಗೆ ಮನೆ ಬದಲಿಸಿದವರ ಆಧಾರ್ ಬಿಡಿಸಿ, ಹೊಸ ಸಂಖ್ಯೆಗೆ ಜೋಡಿಸಿ ಕೊಡಲಿ. ಅರ್ಧ ಗಂಟೆಯ ಈ ಕೆಲಸ ಒಂದು ಸಂಸಾರದ ತಿಂಗಳ ಐದುನೂರು ರೂಪಾಯಿ ಉಳಿಸೀತು.

ಮುಂದಿನ ಬೇಸಿಗೆಯಲ್ಲಿ ಕಮಲಾಪುರದ ಆ ತಾಯಿ ಮತ್ತೆ ಬಿಲ್ಲು ಹಿಡಿದು ಬಂದು ಯಾಕ ರೊಕ್ಕ ಬಂದದರೀ ಎಂದು ಕೇಳಿದಾಗ, ಸೂತ್ರ ಹಾಗಿದೆ ತಾಯಿ ಎಂದು ಹೇಳಿ ಕಳುಹಿಸುವ ಸ್ಥಿತಿ ಯಾರಿಗೂ ಬಾರದಿರಲಿ. ಸೂತ್ರವನ್ನು ಬರೆದವರು ಮನುಷ್ಯರು. ತಿದ್ದಬೇಕಾದವರೂ ಮನುಷ್ಯರೇ.